ಇಸ್ತ್ರಿ ಹಾಕಿದ ಎಲೆಗಳು

ಆ ಬೀದಿ ಅಂಥ ಅಗಲದ್ದೇನಲ್ಲ. ನಡುವೆ ಒಂದು ದೊಡ್ಡ ಮರ, ಮರದ ಈಚೆಗೆ ಇಸ್ತ್ರಿ ಅಂಗಡಿ, ಆಚೆಗೆ ದರ್ಜಿ ಅಂಗಡಿ. ಈ ಅಂಗಡಿಯಲ್ಲಿ ಕೆಮ್ಮಿದರೆ ಆ ಅಂಗಡಿಗೆ ಕೇಳಿಸುತ್ತಿತ್ತು. ಇಸ್ತ್ರಿ ಅಂಗಡಿಯ ಒಡತಿಯನ್ನು ಬೀದಿಯವರೆಲ್ಲ ಇಸ್ತ್ರಿಯಕ್ಕ ಎಂದು ಕರೆಯುತ್ತಿದ್ದರು. ದರ್ಜಿ ಅವಳ ಒಡಹುಟ್ಟಿದ ತಮ್ಮ. ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರದ ಆಳು. ಚಿಕ್ಕಂದಿನಲ್ಲಿ ಗಿಡ್ಡಗಿದ್ದನೆಂದು ಅಕ್ಕ ಇಟ್ಟ ಹೆಸರು ಚೋಟ. ಆ ಹೆಸರಿನಿಂದ ಅವನನ್ನು ಕರೆಯುವವಳು ಅವಳೊಬ್ಬಳೇ. ಅವಳೂ ಕರೆಯುವುದನ್ನು ಬಿಟ್ಟು ವರ್ಷದ ಮೇಲಾಗಿತ್ತು. ಇಬ್ಬರಿಗೂ ಮಾತಿರಲಿಲ್ಲ.

ಜಗಳ ಹುಟ್ಟಿದ್ದು ಒಂದು ಕೋಟಿನಿಂದ. ತಮ್ಮ ಹೊಲಿದ ಕೋಟು, ಅಕ್ಕ ಇಸ್ತ್ರಿ ಹಾಕಿದ ಕೋಟು. ಗಿರಾಕಿ ಬಂದು ಬಿಚ್ಚಿ ನೋಡಿದರೆ ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿಯಷ್ಟು ಜಾಗ ಸುಟ್ಟು ಮಿರಮಿರ ಹೊಳೆಯುತ್ತಿತ್ತು. ಗಿರಾಕಿಯ ಎದುರಿಗೇ ತಮ್ಮ, "ಅಕ್ಕನ ಕೈಗೆ ವಯಸ್ಸಾಯ್ತು" ಅಂದ. ಗಿರಾಕಿಯ ಎದುರಿಗೇ ಅಕ್ಕ, "ಇವನು ತಂದಿರೋದು ಬಟ್ಟೆಯಲ್ಲ, ಪ್ಲಾಸ್ಟಿಕ್ಕು" ಅಂದಳು. ಗಿರಾಕಿಯೇನೋ ಕೋಟು ತೊಟ್ಟುಕೊಂಡು ಖುಷಿಯಾಗಿಯೇ ಹೋದ, ಆಮೇಲೂ ಬೇಕಾದಷ್ಟು ಸಲ ಅದನ್ನೇ ಹಾಕಿಕೊಂಡು ಬೀದಿಯಲ್ಲಿ ಓಡಾಡಿದ. ಆದರೆ ಆಡಿದ ಮಾತು ಇಬ್ಬರ ಗಂಟಲಲ್ಲೂ ಮುಳ್ಳಿನಂತೆ ಸಿಕ್ಕಿಕೊಂಡಿತು.

ಅಲ್ಲಿಗೇ ನಿಂತಿದ್ದರೆ ಬೀದಿಯವರು ಬದುಕಿಕೊಳ್ಳುತ್ತಿದ್ದರು. ಮಾರನೆಯ ವಾರ ತಮ್ಮ ಒಂದು ಹೊಸ ಇಸ್ತ್ರಿಪೆಟ್ಟಿಗೆ ತಂದಿಟ್ಟುಕೊಂಡ. ಅದನ್ನು ಕಂಡ ಅಕ್ಕ ತನ್ನ ಬಾಗಿಲಿಗೆ "ಇಲ್ಲಿ ಗುಂಡಿ ಹಾಕಿಕೊಡಲಾಗುವುದು" ಎಂದು ಬರೆದ ಹಲಗೆ ನೇತುಹಾಕಿದಳು. ಅಂದಿನಿಂದ ಆ ಬೀದಿಯ ಗಂಡಸರ ಪ್ಯಾಂಟುಗಳಿಗೆ ಒಂದೊಂದು ಕಾಲಿಗೆ ಎರಡೆರಡು ಗೆರೆ, ಅಂಗಿಗಳಿಗೆ ಹಲ್ಲು ಅಲ್ಲಾಡಿದಂತೆ ಅಲ್ಲಾಡುವ ಗುಂಡಿ. ಯಾರೂ ಬಾಯಿ ಬಿಡಲಿಲ್ಲ. ಒಬ್ಬರಿಗೆ ಹೇಳಿದರೆ ಇನ್ನೊಬ್ಬರ ಕಡೆಯವರೆಂದು ಲೆಕ್ಕವಾಗುತ್ತದಲ್ಲ.

ಎಲೆ ಉದುರುವ ಕಾಲ ಬಂದಾಗ ಜಗಳಕ್ಕೆ ಹೊಸ ಆಯುಧ ಸಿಕ್ಕಿತು. ನಡುಬೀದಿಯ ಮರ ಯಾರ ಮೇಲೂ ಪಕ್ಷಪಾತ ಮಾಡದೆ ಇಬ್ಬರ ಬಾಗಿಲಿಗೂ ಎಲೆ ಸುರಿಸುತ್ತಿತ್ತು. ಬೆಳಗಾದರೆ ಇಸ್ತ್ರಿಯಕ್ಕ ಪೊರಕೆ ಹಿಡಿದು ತನ್ನ ಕಡೆಯ ಎಲೆಯನ್ನೆಲ್ಲ ಮರದ ಬುಡಕ್ಕೆ ಗುಡಿಸುವಳು, ಬುಡಕ್ಕೆ ಬಂದಮೇಲೆ ಕೈ ತಪ್ಪಿದವಳಂತೆ ಇನ್ನೂ ನಾಲ್ಕು ಬಾರಿ ಆಚೆಗೆ ತಳ್ಳುವಳು. ಅವಳು ಒಳಗೆ ಹೋದಮೇಲೆ ದರ್ಜಿ ಹೊರಗೆ ಬರುವನು. ಮಧ್ಯಾಹ್ನದ ಹೊತ್ತಿಗೆ ಆ ಗುಡ್ಡೆ ಈಚೆಗೆ ಬಂದು ಕೂತಿರುತ್ತಿತ್ತು. ಸಂಜೆಗೆ ಮತ್ತೆ ಆಚೆಗೆ. ಅಂಚೆಯವನು ತನ್ನ ಸೈಕಲ್ಲನ್ನು ಆ ಗುಡ್ಡೆ ಎಲ್ಲಿದೆಯೆಂದು ನೋಡಿಕೊಂಡೇ ತಿರುಗಿಸುತ್ತಿದ್ದ.

ಹೀಗಿರುವಾಗ ಇಸ್ತ್ರಿಯಕ್ಕನ ಮೊಮ್ಮಗಳು ಬಂದಿಳಿದಳು. ಮಗಳ ಮಗಳು, ಇನ್ನೂ ಮುಂದಿನ ಹಲ್ಲು ಪೂರ್ತಿ ಬಂದಿರಲಿಲ್ಲ. ಅವಳ ಶಾಲೆಯ ಚಾವಣಿ ರಿಪೇರಿಗೆಂದು ರಜೆ ಕೊಟ್ಟಿದ್ದರು. ಮಗಳಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ರಜೆಯಿಲ್ಲ. "ಶಾಲೆ ತೆರೆಯೋವರೆಗೂ ನಿನ್ನ ಹತ್ರ ಇರಲಿ ಅಮ್ಮ" ಎಂದು ಬಿಟ್ಟು ಹೋದಳು. ಹುಡುಗಿಗೆ ಮನೆಯಲ್ಲಿ ಇಟ್ಟ ಅಡ್ಡಹೆಸರು ಪಿಟೀಲು. ಏನಾದರೂ ಬೇಕೆಂದು ಶುರು ಮಾಡಿದರೆ ಸಿಗುವ ತನಕ ಕುಯ್ಯುತ್ತಲೇ ಇರುತ್ತಿದ್ದಳು, ಅದಕ್ಕೆ.

ಮೊದಲ ದಿನವೇ ಅವಳಿಗೆ ಬೀದಿಯ ಎಲೆಗಳ ಹುಚ್ಚು ಹಿಡಿಯಿತು. ಬೆರಳು ಬಿಡಿಸಿದ ಅಂಗೈಯಂಥ ಎಲೆಗಳು. ಕೆಲವು ಕೆಂಡದ ಹಾಗೆ ಕೆಂಪು, ಕೆಲವು ಹಳದಿ, ಕೆಲವು ಅರ್ಧ ಹಸಿರಿನಲ್ಲೇ ಮನಸ್ಸು ಬದಲಾಯಿಸಿದವು. ಫ್ರಾಕಿನ ಮಡಿಲು ತುಂಬ ಆಯ್ದು ತಂದು ಅಂಗಡಿಯ ಮೂಲೆಯಲ್ಲಿ ಸುರಿದಳು. ಮತ್ತೆ ಹೋದಳು, ಮತ್ತೆ ತಂದಳು. ಸಂಜೆ ಇಸ್ತ್ರಿಯಕ್ಕ ಪೊರಕೆ ಹಿಡಿದು ಹೊರಗೆ ಬಂದರೆ ತಳ್ಳುವುದಕ್ಕೆ ಎಲೆಯೇ ಇಲ್ಲ. ಆಚೆಯ ಬಾಗಿಲಲ್ಲಿ ತಮ್ಮನೂ ಪೊರಕೆ ಹಿಡಿದು ನಿಂತಿದ್ದ. ಇಬ್ಬರೂ ಖಾಲಿ ನೆಲ ನೋಡಿದರು, ಪೊರಕೆ ನೋಡಿಕೊಂಡರು, ಮುಖ ತಿರುಗಿಸಿಕೊಂಡು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಪಿಟೀಲು ಶುರುವಾಯಿತು. ಆಯ್ದಿಟ್ಟ ಎಲೆಗಳೆಲ್ಲ ರಾತ್ರಿಯಲ್ಲಿ ಸುರುಟಿಕೊಂಡು, ಮುಟ್ಟಿದರೆ ಪುಡಿಯಾಗುತ್ತಿದ್ದವು.

"ಅಜ್ಜೀ, ಎಲ್ಲಾ ಮುದುಡ್ಕೊಂಡ್ಬಿಟ್ಟಿವೆ."

"ಎಲೆ ಅಂದ್ಮೇಲೆ ಮುದುಡುತ್ತೆ. ಹೊಸದು ತಗೊಂಡು ಬಾ, ಬೀದೀಲಿ ಬರಗಾಲವಾ?"

"ಅದೂ ಮುದುಡುತ್ತೆ. ನಂಗೆ ಮುದುಡದೆ ಇರೋದು ಬೇಕು."

"ಮುದುಡದೆ ಇರೋದು ನಾನೆಲ್ಲಿಂದ ತರಲಿ?"

"ನೀನು ಎಲ್ಲಾರ ಬಟ್ಟೇನೂ ನೆಟ್ಟಗೆ ಮಾಡ್ತೀಯ. ಎಲೆ ಮಾತ್ರ ಆಗಲ್ವಾ?"

ಇಸ್ತ್ರಿಯಕ್ಕನ ಮೇಜಿನ ಮೇಲೆ ಬಟ್ಟೆಯ ಹೊರತು ಇನ್ನೊಂದು ವಸ್ತು ಕೂತದ್ದನ್ನು ಯಾರೂ ನೋಡಿರಲಿಲ್ಲ. ನೀರಿನ ಲೋಟ ಕೂಡ ಅಲ್ಲಿ ಇಡುವಂತಿರಲಿಲ್ಲ. ಆದರೆ ಕಿವಿಯ ಪಕ್ಕದಲ್ಲೇ ಪಿಟೀಲು ಕುಯ್ಯುತ್ತಿರುವಾಗ ಹಾಸಿಗೆ ಹೊದಿಕೆಗಳ ರಾಶಿ ಮುಗಿಸುವುದು ಹೇಗೆ? "ತಾ ಇಲ್ಲಿ, ಒಂದೇ ಒಂದು" ಎಂದು ಕೈ ನೀಡಿದಳು. ಆಗಷ್ಟೇ ಬಿದ್ದ, ಇನ್ನೂ ಮೆತ್ತಗಿದ್ದ ಒಂದು ಕೆಂಪು ಎಲೆಯನ್ನು ಎರಡು ಬಿಳಿ ಕಾಗದದ ನಡುವೆ ಇಟ್ಟು, ಪೆಟ್ಟಿಗೆಯ ಶಾಖ ಪೂರ್ತಿ ಇಳಿಸಿ, ನವಜಾತ ಶಿಶುವಿನ ಅಂಗಿಗೆ ಒತ್ತುವಷ್ಟೇ ಒತ್ತಿ ಒಂದು ಕ್ಷಣ ನಿಲ್ಲಿಸಿದಳು. ಕಾಗದ ಎತ್ತಿದಳು.

ಎಲೆ ಚಪ್ಪಟೆಯಾಗಿ, ಒಂದು ನಿರಿಗೆಯೂ ಇಲ್ಲದೆ, ಹೊಸ ಬಟ್ಟೆಯ ಹಾಗೆ ಮಲಗಿತ್ತು. ಬಣ್ಣ ಹೋಗುವುದಿರಲಿ, ಮೊದಲಿಗಿಂತ ಗಾಢವಾಗಿತ್ತು. ಬೆಳಕಿಗೆ ಹಿಡಿದರೆ ನರನರವೂ ಎಣಿಸುವಂತೆ ಕಾಣುತ್ತಿತ್ತು. ಇಸ್ತ್ರಿಯಕ್ಕ ಅದನ್ನು ಕಿಟಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಜೀವಮಾನವಿಡೀ ಇಸ್ತ್ರಿ ಹಾಕಿದವಳಿಗೆ, ತಾನು ಇಸ್ತ್ರಿ ಹಾಕಿದ್ದನ್ನು ನೋಡುತ್ತಾ ನಿಂತುಬಿಡಬೇಕೆನಿಸಿದ್ದು ಅದೇ ಮೊದಲು.

"ಇನ್ನೊಂದು ಕೊಡು" ಅಂದಳು.

ಅಂದು ಹಾಸಿಗೆ ಹೊದಿಕೆಗಳು ತಡವಾದವು. ಅಜ್ಜಿ ಎಲೆ ಒತ್ತಿದಂತೆ ಮೊಮ್ಮಗಳು ಬಣ್ಣದ ಪ್ರಕಾರ ಜೋಡಿಸಿದಳು. ಆಮೇಲೆ ಅಂಟು ಬಂತು, ಹಳೆಯ ಅಂಗಿಗಳ ಕಾಲರಿನೊಳಗಿಡುವ ರಟ್ಟು ಬಂತು. ಬೀದಿಯ ತುದಿಯ ಮರದ ಉದ್ದನೆಯ ಎಲೆಗಳಿಂದ ಮೀನು ಮಾಡಿದರು, ದುಂಡನೆಯ ಚಿಕ್ಕ ಎಲೆಗಳು ಮೀನಿನ ಪೊರೆಯಾದವು. ಅಂಗೈ ಎಲೆಯನ್ನು ತಲೆಕೆಳಗು ಮಾಡಿದರೆ ನರಿಯ ಮುಖ. ಎರಡು ಎಲೆ ಅಕ್ಕಪಕ್ಕ ಇಟ್ಟು ಮೇಲೆ ಗುಂಡಿಯ ಕಣ್ಣು ಅಂಟಿಸಿದರೆ ಗೂಬೆ. ಗುಂಡಿ ಹಾಕಿಕೊಡಲಾಗುವುದೆಂದು ಹಲಗೆ ಬರೆಸಿದಾಗ ತಂದಿಟ್ಟ ಗುಂಡಿಗಳ ಡಬ್ಬಿಗೆ ಕೊನೆಗೂ ಒಂದು ಗೌರವದ ಕೆಲಸ ಸಿಕ್ಕಿತು.

"ಅಜ್ಜಿ, ಈ ಗೂಬೆ ನಿನ್ನ ಹಾಗೇ ಇದೆ."

"ಯಾಕೆ, ನನ್ನ ಕಣ್ಣು ಅಷ್ಟು ದೊಡ್ಡದಾ?"

"ಇಲ್ಲ, ಸಿಟ್ಟು ಬಂದಾಗ ನೀನು ಹೀಗೇ ನೋಡ್ತೀಯ. ಎದುರುಗಡೆ ತಾತನ್ನ."

ಇಸ್ತ್ರಿಯಕ್ಕ ಅಂಟಿನ ಬೆರಳನ್ನು ಒರೆಸಿಕೊಳ್ಳುವುದರಲ್ಲಿ ತುಂಬ ಹೊತ್ತು ಕಳೆದಳು.

ಬಟ್ಟೆ ಕೊಡಲು ಬಂದವರು ಗೋಡೆಯ ಮೇಲಿನ ನರಿ, ಮೀನು, ಗೂಬೆಗಳನ್ನು ನೋಡಿ ನಿಂತರು. ಬ್ರೆಡ್ಡಿನಂಗಡಿಯವನ ಅವಳಿ ಹೆಣ್ಣುಮಕ್ಕಳು ಬಂದು ಮೂಗನ್ನು ಗಾಜಿಗೆ ಒತ್ತಿ ಹೊರಗಿಂದಲೇ ನೋಡಿದರು, ಮಾರನೆಯ ದಿನ ಒಳಗೇ ಬಂದು ಕೂತರು. ಅವರ ಹಿಂದೆ ಬೀದಿಯ ಇನ್ನಷ್ಟು ಮಕ್ಕಳು. ಎಲ್ಲರಿಗೂ ಈಗ ಬೇಕಾಗಿದ್ದು ಎಲೆಯ ಕಿರೀಟ.

ಕಿರೀಟವೇ ತಲೆನೋವಾಯಿತು. ರಟ್ಟಿನ ಪಟ್ಟಿಗೆ ಎಲೆ ಅಂಟಿಸಿ, ಬಾಗಿಸಿ, ತಲೆಗೆ ಇಟ್ಟರೆ ರಟ್ಟು ಮುರಿಯುತ್ತಿತ್ತು. ಕಾಗದದ ಪಟ್ಟಿಗೆ ಅಂಟಿಸಿದರೆ ಅಂಟು ಒಣಗುತ್ತಲೇ ಎಲೆಗಳು ಒಂದೊಂದಾಗಿ ಕಳಚಿ ಬೀಳುತ್ತಿದ್ದವು. ಅವಳಿಗಳಲ್ಲಿ ಒಬ್ಬಳು ಮನೆಗೆ ಹೋಗುವಷ್ಟರಲ್ಲಿ ಬರೀ ಪಟ್ಟಿ ಉಳಿದು, ಹಣೆಗೆ ಏಟು ಬಿದ್ದು ಕಟ್ಟು ಕಟ್ಟಿಸಿಕೊಂಡವಳ ಹಾಗೆ ಕಂಡಳಂತೆ.

"ಹೊಲೀಬೇಕು ಅಜ್ಜಿ" ಎಂದಿತು ಪಿಟೀಲು.

ಇಸ್ತ್ರಿಯಕ್ಕ ಸೂಜಿಗೆ ದಾರ ಪೋಣಿಸಿ ಪ್ರಯತ್ನಿಸಿದಳು. ಎಲೆ ಸೂಜಿಯ ಗುರುತಿನುದ್ದಕ್ಕೂ ಹರಿದುಕೊಂಡಿತು. ಇನ್ನೊಂದು ತೆಗೆದುಕೊಂಡಳು, ಅದೂ ಹರಿಯಿತು. ಮೂರನೆಯದು ಹರಿಯಲಿಲ್ಲ, ಸೂಜಿ ಅವಳ ಬೆರಳಿಗೇ ಚುಚ್ಚಿತು. ತಲೆಯೆತ್ತುವಷ್ಟರಲ್ಲಿ ಹುಡುಗಿ ಮಾಯ. ಬಾಗಿಲಿಂದ ನೋಡಿದರೆ ಮರ ದಾಟಿ ದರ್ಜಿ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಾಳೆ. ಕರೆದು ನಿಲ್ಲಿಸೋಣವೆಂದರೆ ತಮ್ಮನಿಗೆ ಕೇಳಿಸುತ್ತದೆ. ಕರೆಯದೆ ಬಾಗಿಲ ಮರೆಯಲ್ಲೇ ನಿಂತಳು. ಮಾತು ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು.

"ತಾತ, ಎಲೆ ಹೊಲಿಯೋದು ಹೇಗೆ?"

ಹೊಲಿಗೆ ಮಿಷನ್ನಿನ ಸದ್ದು ನಿಂತಿತು. "ಯಾರು ಕೇಳಿದ್ದು?"

"ನಾನೇ. ಅಜ್ಜಿ ಹೊಲಿದ್ರೆ ಹರಿದುಹೋಗುತ್ತೆ."

"ಹರಿಯದೆ ಇನ್ನೇನಾಗುತ್ತೆ. ಅಂಚಿಗೆ ಹಾಕಿದ್ರೆ ಹರಿಯುತ್ತೆ. ನಡುವಿನ ನರದ ಎರಡೂ ಪಕ್ಕ ಹಾಕು ಅಂತ ಹೇಳು ನಿಮ್ಮಜ್ಜಿಗೆ. ದಾರ ಎಳೀಬಾರದು, ಸುಮ್ನೆ ಕೂರಿಸ್ಬೇಕು. ಮತ್ತೆ ಕಾಗದಕ್ಕೆ ಯಾರಾದ್ರೂ ಹೊಲೀತಾರಾ? ತಗೋ." ಕಾಲರಿನೊಳಗೆ ಇಡುವ ದಪ್ಪ ಕ್ಯಾನ್ವಾಸ್ ಬಟ್ಟೆ ಪರ್ರನೆ ಹರಿದ ಸದ್ದು ಕೇಳಿಸಿತು. "ಇದು ಬಾಗುತ್ತೆ, ಮುರಿಯಲ್ಲ."

ಹುಡುಗಿ ಪಟ್ಟಿಗಳನ್ನು ಕೊರಳಿಗೆ ಸುತ್ತಿಕೊಂಡು ಓಡಿಬಂದಳು. ಇಸ್ತ್ರಿಯಕ್ಕ ಏನೂ ಕೇಳಿಸದವಳಂತೆ ಸಂದೇಶವನ್ನೆಲ್ಲ ಮೊದಲಿಂದ ಹೇಳಿಸಿಕೊಂಡಳು. ಆಮೇಲೆ ನರದ ಎರಡೂ ಪಕ್ಕ, ದಾರ ಎಳೆಯದೆ, ಕೂರಿಸಿ ಹೊಲಿದಳು. ಎಲೆ ನಿಂತಿತು. ಅವಳಿಗೆ ಸಂತೋಷವೂ ಆಯಿತು, ಸಂತೋಷವಾಯಿತಲ್ಲ ಎಂದು ಸಿಟ್ಟೂ ಬಂತು.

"ನಿಮ್ಮ ತಾತನಿಗೆ ಹೇಳು, ಕ್ಯಾನ್ವಾಸು ಸ್ವಲ್ಪ ಒರಟಾಯ್ತು, ಮಕ್ಕಳ ಹಣೆಗೆ ಚುಚ್ಚುತ್ತೆ ಅಂತ."

ಹುಡುಗಿ ಓಡಿದಳು. ಕೋಟಿನ ಒಳಪದರಕ್ಕೆ ಹಾಕುವ ಮೆತ್ತನೆಯ ಅಸ್ತರು ಬಟ್ಟೆ ಬಂತು, ಜೊತೆಗೆ ಮರುಮಾತು. "ಅಸ್ತರನ್ನ ಒಳಗಡೆ ಮಡಚಬೇಕಂತೆ ಅಜ್ಜಿ, ಹೊರಗಡೆಯಲ್ಲವಂತೆ. ನಿಂಗೆ ಗೊತ್ತಿರಲ್ಲ ಅಂತ ಹೇಳಿದ್ರು."

"ನಂಗೆ ಗೊತ್ತಿದೆ ಅಂತ ಹೇಳು."

"ಗೊತ್ತಿದ್ರೆ ಒಳ್ಳೇದು ಅಂತ ಹೇಳು" ಎಂದು ಆಚೆಯಿಂದಲೇ ಉತ್ತರ ಬಂತು, ಹುಡುಗಿ ಇನ್ನೂ ಹೊಸಿಲು ದಾಟಿರಲಿಲ್ಲ.

ಪಿಟೀಲು ಬೀದಿಯ ನಡುವೆ, ಮರದ ಬುಡದಲ್ಲಿ ನಿಂತು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ನೋಡಿದಳು. "ಇಬ್ರಿಗೂ ಕೇಳಿಸುತ್ತೆ ಅಲ್ವಾ? ಮತ್ತೆ ನಾನ್ಯಾಕೆ ಓಡಬೇಕು? ನೀವಿಬ್ರೂ ಠೂ ಬಿಟ್ಟಿದೀರಾ?"

ಈ ಕಡೆ ಇಸ್ತ್ರಿಪೆಟ್ಟಿಗೆ ಉಸ್ಸೆಂದಿತು, ಆ ಕಡೆ ಮಿಷನ್ನು ಟಕಟಕನೆ ಶುರುವಾಯಿತು. ಸೈಕಲ್ಲು ನಿಲ್ಲಿಸಿ ಕೇಳುತ್ತಿದ್ದ ಅಂಚೆಯವನು ಸದ್ದಿಲ್ಲದೆ ಪೆಡಲು ತುಳಿದ.

ಆಮೇಲಿನ ಎರಡು ದಿನ ದರ್ಜಿ ಅಂಗಡಿಯಲ್ಲಿ ಏನೋ ನಡೆಯುತ್ತಿತ್ತು. ತಮ್ಮ ಬಾಗಿಲನ್ನು ಅರ್ಧ ಮುಚ್ಚಿಕೊಂಡಿರುತ್ತಿದ್ದ. ಮಕ್ಕಳು ಆಯ್ದು ಬಿಟ್ಟ ಎಲೆಗಳನ್ನು ಅವನೇ ಬಗ್ಗಿ ಆಯ್ದು, ಯಾರಾದರೂ ನೋಡುತ್ತಾರೇನೋ ಎಂದು ಸುತ್ತ ಕಣ್ಣು ಹಾಯಿಸಿ, ಜೇಬಿಗೆ ಇಳಿಸುವುದನ್ನು ಇಸ್ತ್ರಿಯಕ್ಕ ಕಿಟಕಿಯಿಂದ ಕಂಡಳು. ಅಷ್ಟೆತ್ತರದ ಮನುಷ್ಯ ಅಷ್ಟು ಕೆಳಗೆ ಬಗ್ಗುವುದು ನೋಡಿ ನಗು ಬಂತು. ನಗುವನ್ನು ನುಂಗಿಕೊಂಡು ದಿಂಬಿನ ಚೀಲ ಮಡಿಸಿದಳು. ಇವನು ನಡೆಯಲು ಕಲಿಯುವಾಗ ಹೀಗೇ ಬಗ್ಗಿ ಬಗ್ಗಿ ಏನಾದರೊಂದನ್ನು ಆಯ್ದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಬಾಯಿಗೆ ಬೆರಳು ಹಾಕಿ ತೆಗೆಯುವುದೇ ಅವಳ ದಿನದ ಕೆಲಸವಾಗಿತ್ತು. ಆಗ ಅವಳಿಗೂ ಮುಂದಿನ ಹಲ್ಲು ಬಂದಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ, ಮಕ್ಕಳೆಲ್ಲ ಬೀದಿಯ ತುದಿಗೆ ಉದ್ದ ಎಲೆ ತರಲು ಹೋಗಿದ್ದ ಹೊತ್ತು, ಅವಳ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಆ ಕಸುಬಿನವಳಿಗೆ ಆ ವಾಸನೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಮೊದಲು ತನ್ನ ಮೇಜು ನೋಡಿಕೊಂಡಳು. ಪೆಟ್ಟಿಗೆ ಅದರ ಜಾಗದಲ್ಲಿ ನಿಂತಿತ್ತು. ತಲೆಯೆತ್ತಿದರೆ ದರ್ಜಿ ಅಂಗಡಿಯ ಅರ್ಧ ಬಾಗಿಲಿನಿಂದ ಬಿಳಿ ಹೊಗೆ ಸುರುಳಿ ಸುತ್ತಿಕೊಂಡು ಬರುತ್ತಿದೆ.

ಬಟ್ಟೆಗೆ ಚಿಮುಕಿಸಲು ಇಟ್ಟಿದ್ದ ನೀರಿನ ಬಕೆಟ್ಟು ಕೈಗೆ ಬಂದದ್ದು ಗೊತ್ತಾಗಲಿಲ್ಲ, ಮರ ದಾಟಿದ್ದು ಗೊತ್ತಾಗಲಿಲ್ಲ, ಚಪ್ಪಲಿ ಒಂದು ನಡುಬೀದಿಯಲ್ಲೇ ಉಳಿದದ್ದೂ ಗೊತ್ತಾಗಲಿಲ್ಲ. "ಚೋಟಾ" ಎಂದು ಕೂಗುತ್ತಾ ಬಾಗಿಲು ತಳ್ಳಿ, ಹೊಗೆಯ ನಡುವೆ ಎದುರಿಗೆ ಕಂಡದ್ದರ ಮೇಲೆ ಬಕೆಟ್ಟನ್ನು ಪೂರ್ತಿ ಬೋರಲು ಹಾಕಿದಳು.

ಎದುರಿಗೆ ಕಂಡದ್ದು ತಮ್ಮ. ಹಿಂದಿನ ಕಿಟಕಿ ತೆರೆದು ಇತ್ತ ತಿರುಗುತ್ತಿದ್ದವನು, ತಲೆಯಿಂದ ಕಾಲಿನವರೆಗೆ ತೊಯ್ದು, ಕೊರಳ ಸುತ್ತಲಿನ ಅಳತೆಪಟ್ಟಿಯಿಂದ ನೀರು ತೊಟ್ಟಿಕ್ಕಿಸುತ್ತಾ ನಿಂತ.

"ಆರಿಹೋಗಿತ್ತು ಅಕ್ಕ" ಎಂದ.

ವರ್ಷದ ಮೇಲಾದ ನಂತರ ಅವನು ಅವಳೊಂದಿಗೆ ಆಡಿದ ಮೊದಲ ಮಾತು ಅದು.

ಹೊಗೆ ತಿಳಿಯಾದ ಮೇಲೆ ಅವಳು ಮೇಜಿನ ಕಡೆ ನೋಡಿದಳು. ಇಸ್ತ್ರಿಪೆಟ್ಟಿಗೆಯ ಕೆಳಗೆ ಒಂದು ಹಿಡಿ ಕಪ್ಪು ಬೂದಿ, ಮೇಜಿನ ಹಾಸುಬಟ್ಟೆಯಲ್ಲಿ ಪೆಟ್ಟಿಗೆಯಾಕಾರದ ತೂತು. ಅದರ ಪಕ್ಕದಲ್ಲಿ ಎರಡು ದಿನದ ಪ್ರಯತ್ನಗಳೆಲ್ಲ ರಾಶಿ ಬಿದ್ದಿದ್ದವು. ಕಂದಿದ ಎಲೆ, ಕರಕಲಾದ ಎಲೆ, ಕಾಗದಕ್ಕೇ ಅಂಟಿಕೊಂಡ ಎಲೆ. ಅವುಗಳ ನಡುವೆ ಒಂದು ಕಿರೀಟದ ಪಟ್ಟಿ. ಅದರ ಹೊಲಿಗೆ ಎಂಥದೆಂದರೆ, ಕೋಟಿನ ಕಾಲರಿಗೆ ಹಾಕುವ ಹೊಲಿಗೆ, ಒಳಗೆ ಅಸ್ತರು, ಅಂಚಿಗೆ ಮಡಿಕೆ, ಹಿಂದೆ ಸಣ್ಣದಾಗಿಸಿ ದೊಡ್ಡದಾಗಿಸಿಕೊಳ್ಳಲು ಒಂದು ಗುಂಡಿ. ಎಲೆ ಕೂರಿಸುವ ಜಾಗ ಮಾತ್ರ ಖಾಲಿ.

"ಯಾರಿಗೆ ಇದು?"

"ಪಿಟೀಲಿಗೆ. ದಿನಾ ಬಂದು ಕೇಳೋದು, ತಾತ ನೀನ್ಯಾಕೆ ಏನೂ ಮಾಡ್ತಿಲ್ಲ ಅಂತ. ಒಂದಾದ್ರೂ ಮಾಡಿ ಕೊಡೋಣ ಅಂತ ಕೂತೆ. ಎಲೆ ಮಾತು ಕೇಳಲ್ಲ."

"ಪೆಟ್ಟಿಗೆ ಎಷ್ಟಕ್ಕೆ ಇಟ್ಟಿದ್ದೆ?"

"ಹತ್ತಿ ಬಟ್ಟೆಗೆ ಇಡೋವಷ್ಟು."

"ಎಲೆಗೆ ಹತ್ತಿ ಬಟ್ಟೆ ಶಾಖಾನಾ? ರೇಷ್ಮೆಗಿಂತ ಕಡಿಮೆ ಇಡಬೇಕು ಕಣೋ. ಅದೂ ಕಾಗದದ ಮೇಲಿಂದ."

"ನೀನು ಹೇಳಿ ಕಳಿಸಿದ್ದೆಯಾ?"

"ನೀನು ಕೇಳಿ ಕಳಿಸಿದ್ದೆಯಾ?"

ಅವನ ಮೂಗಿನ ತುದಿಯಿಂದ ಒಂದು ಹನಿ ಬಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ಇನ್ನೊಂದು ಹನಿ ಕೂಡಿಕೊಂಡು, ದಪ್ಪಗಾಗಿ, ಬೀಳಲೋ ಬೇಡವೋ ಎಂದು ತೂಗಾಡುತ್ತಿರುವಾಗ ಅವಳಿಗೆ ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡರೂ ನಗು ಹೊರಗೆ ಬಂದೇ ಬಂತು. ಅವನು ಮುಖ ಗಂಟು ಹಾಕಿಕೊಳ್ಳಲು ನೋಡಿದ, ಆಗಲಿಲ್ಲ, ಅವನಿಗೂ ನಗು ಹತ್ತಿತು. ಅಕ್ಕ ಬಟ್ಟೆಯ ತಾನುಗಳ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡಳು. ತಮ್ಮ ಮಿಷನ್ನಿಗೆ ಆತುಕೊಂಡು ಕಣ್ಣೊರೆಸಿಕೊಂಡ. ಒರೆಸಿಕೊಂಡದ್ದು ನೀರೋ ನಗುವಿನ ಕಣ್ಣೀರೋ ಅವನಿಗೇ ಗೊತ್ತಾಗಲಿಲ್ಲ.

ಬಾಗಿಲಲ್ಲಿ ಪಿಟೀಲು ನಿಂತಿದ್ದಳು. ಒಂದು ಕೈಯಲ್ಲಿ ಉದ್ದ ಎಲೆಗಳ ಕಟ್ಟು, ಇನ್ನೊಂದರಲ್ಲಿ ಅಜ್ಜಿಯ ಚಪ್ಪಲಿ. ಅವಳ ಬೆನ್ನ ಹಿಂದೆ ಅವಳಿಗಳು, ಅವರ ಹಿಂದೆ ಬೀದಿಯ ಅರ್ಧ ಮಕ್ಕಳು.

"ಠೂ ಮುಗೀತಾ?" ಎಂದಳು.

"ಮುಗೀತು, ಹೋಗು. ನಿಮ್ಮ ತಾತನಿಗೆ ಒಣಗಿದ ಟವೆಲ್ ತಗೊಂಡು ಬಾ" ಎಂದಳು ಅಜ್ಜಿ.

ಕೋಟಿನ ಮಾತನ್ನು ಯಾರೂ ಎತ್ತಲಿಲ್ಲ. ಶಾಖ ಹೆಚ್ಚಾಗಿತ್ತೋ, ಬಟ್ಟೆ ಕಳಪೆಯದಾಗಿತ್ತೋ, ಅಂದೂ ಕೇಳಲಿಲ್ಲ, ಮುಂದೆಯೂ ಕೇಳಿಕೊಳ್ಳಲಿಲ್ಲ. ಸಂಜೆಯ ಹೊತ್ತಿಗೆ ತಮ್ಮ ತನ್ನ ಕಡೆ ಇಸ್ತ್ರಿಗೆ ಬಂದಿದ್ದ ಪ್ಯಾಂಟುಗಳನ್ನೆಲ್ಲ ಹೊತ್ತುಕೊಂಡು ಬಂದು ಅವಳ ಮೇಜಿನ ಪಕ್ಕಕ್ಕಿಟ್ಟ. ಅವಳು ಒಂದನ್ನು ಎತ್ತಿ ಹಿಡಿದು ಕಾಲಿನ ಎರಡು ಗೆರೆ ನೋಡಿದಳು. "ಇದೇನು, ರೈಲು ಹಳಿಯಾ?" ಎಂದಷ್ಟೇ ಕೇಳಿದಳು. ಅವನು ಅವಳು ಗುಂಡಿ ಹಾಕಿದ್ದ ಅಂಗಿಯೊಂದನ್ನು ತೆಗೆದು ಒಂದು ಗುಂಡಿಯನ್ನು ಬೆರಳಿನಿಂದ ಮೀಟಿದ. ಅದು ಸುತ್ತು ತಿರುಗಿ ಹಾಗೇ ಜೋತುಬಿತ್ತು. ಆ ಅಂಗಿಗಳನ್ನೆಲ್ಲ ಅವನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಗುಂಡಿಯ ಹಲಗೆಯನ್ನು ಅವಳೇ ಇಳಿಸಿ, ಮಕ್ಕಳಿಗೆ ಅಂಟು ಸುರಿದುಕೊಳ್ಳಲು ಕೊಟ್ಟಳು.

ಅಂದಿನಿಂದ ಕೆಲಸ ನದಿಯ ಹಾಗೆ ಸಾಗಿತು. ಬೆಳಗಿನ ಕಸುಬು ಮುಗಿಸಿ ಮಧ್ಯಾಹ್ನ ಇಬ್ಬರೂ ಮರದ ಬುಡಕ್ಕೆ ಒಂದು ಉದ್ದನೆಯ ಮೇಜು ಎಳೆದು ಹಾಕುವರು. ಅಕ್ಕ ಅಂಗಡಿಯೊಳಗೆ ಎಲೆ ಒತ್ತಿ ತಟ್ಟೆಯಲ್ಲಿ ಕಳಿಸುವಳು, ಮಕ್ಕಳು ಹೊತ್ತು ತರುವರು, ತಮ್ಮ ಅಳತೆಪಟ್ಟಿಯಿಂದ ಒಂದೊಂದೇ ತಲೆ ಅಳೆದು ಪಟ್ಟಿ ಕತ್ತರಿಸುವನು. "ನಿನ್ನ ತಲೆ ನಿನ್ನೆಗಿಂತ ದೊಡ್ಡದಾಗಿದೆ, ಏನು ತುಂಬ್ಕೊಂಡೆ?" ಎಂದು ಅವಳಿಗಳಲ್ಲಿ ಒಬ್ಬಳನ್ನು ಕೇಳಿದ. "ನಿನ್ನೆ ಅಳೆದದ್ದು ನನ್ನದಲ್ಲ, ಇವಳದು" ಎಂದಳು ಅವಳು. ಎಲೆಗೆ ಎಲೆ ದಾರದಲ್ಲಿ ಕೂಡಿಸಿ ಉದ್ದನೆಯ ಮಾಲೆಯೊಂದೂ ಬೆಳೆಯುತ್ತಿತ್ತು. ಬ್ರೆಡ್ಡಿನಂಗಡಿಯವನು ಬಿಸಿ ಬ್ರೆಡ್ಡಿನ ತಟ್ಟೆ ತಂದಿಟ್ಟು, ಹೋಗುವುದನ್ನು ಮರೆತು, ತಾನೂ ಒಂದು ನರಿ ಅಂಟಿಸಿದ. ನರಿಗೆ ಕಿವಿ ಇಡುವುದನ್ನು ಮರೆತಿದ್ದರಿಂದ ಅದು ಎಲ್ಲರಿಗೂ ಆಲೂಗಡ್ಡೆಯಂತೆ ಕಂಡಿತು. ಅವನಿಗೆ ಬೇಸರವಾಗಬಾರದೆಂದು ಮಕ್ಕಳು ಅದನ್ನೇ ಮೇಜಿನ ನಡುವೆ ನಿಲ್ಲಿಸಿದರು.

ಇಸ್ತ್ರಿಯಕ್ಕನಿಗೆ ಹೊಸ ಹೊಸ ಯೋಚನೆ ಬರತೊಡಗಿತು. ಮೇಣದ ಕಾಗದದ ಎರಡು ಹಾಳೆಗಳ ನಡುವೆ ಎಲೆ ಇಟ್ಟು ಒತ್ತಿದರೆ ಮೇಣ ಕರಗಿ ಎಲೆ ಗಾಜಿನೊಳಗೆ ಸಿಕ್ಕಂತಾಗುತ್ತಿತ್ತು. ಅದನ್ನು ದುಂಡಗೆ ಸುತ್ತಿ ದೀಪದ ಸುತ್ತ ಹಾಕಿದರೆ ಗೋಡೆಯ ಮೇಲೆಲ್ಲ ಕೆಂಪು ಹಳದಿ ನೆರಳು. ಮೊದಲನೆಯದನ್ನು ತಮ್ಮನ ಮಿಷನ್ನಿನ ದೀಪಕ್ಕೆ ಹಾಕಿದಳು. "ಬೆಳಕು ಕಡಿಮೆಯಾಯ್ತು, ಸೂಜಿ ಕಾಣಲ್ಲ" ಎಂದು ಅವನು ಗೊಣಗಿದ. ತೆಗೆಯಲು ಹೋದರೆ ಕೈ ಅಡ್ಡ ಇಟ್ಟ.

ಶಾಲೆಯ ಚಾವಣಿ ಮುಗಿದ ಸುದ್ದಿ ಬಂತು. ಭಾನುವಾರ ಬೆಳಿಗ್ಗೆ ಮಗಳು ಹುಡುಗಿಯನ್ನು ಕರೆದುಕೊಂಡು ಹೋಗಲು ಬಂದಳು, ಕೆಲಸ ಮುಗಿಸಿ ನೇರ ಬಂದದ್ದರಿಂದ ಇನ್ನೂ ನರ್ಸಿನ ಬಟ್ಟೆಯಲ್ಲೇ ಇದ್ದಳು. ಬೀದಿಯ ತಿರುವಿನಲ್ಲೇ ಅವಳಿಗೆ ಕೂಗಾಟ ಕೇಳಿಸಿತು. ಅಮ್ಮನ ದನಿ, ಸೋದರಮಾವನ ದನಿ, ಎರಡೂ ಒಟ್ಟಿಗೆ. ಅವಳು ಬ್ಯಾಗನ್ನು ಎದೆಗೆ ಅವುಚಿಕೊಂಡು ಓಡಿದಳು.

ಮರದ ಕೆಳಗೆ ಮಕ್ಕಳೆಲ್ಲ ಕಿರೀಟ ತೊಟ್ಟು ಮೆರವಣಿಗೆಗೆಂದು ಸಾಲಾಗಿ ನಿಂತಿದ್ದರು. ಸಾಲಿನ ಮುಂದೆ ಇಸ್ತ್ರಿಯಕ್ಕ ಗೂಬೆಯ ಮುಖವಾಡ ಹಿಡಿದು, ಅವಳ ತಮ್ಮ ಎಲೆಮಾಲೆಯ ತುದಿ ಹಿಡಿದು, ಎದುರಾಬದುರಾಗಿದ್ದರು.

"ಕಿರೀಟದಲ್ಲಿ ಎಲೆಯ ತೊಟ್ಟು ಮೇಲಕ್ಕಿರಬೇಕು."

"ತೊಟ್ಟು ಮೇಲಕ್ಕಿದ್ರೆ ಕೊಕ್ಕರೆ ಗೂಡಿನ ಹಾಗೆ ಕಾಣುತ್ತೆ. ಕೆಳಕ್ಕೇ ಇರಬೇಕು."

"ಮರದಲ್ಲಿ ಹೇಗಿರುತ್ತೆ ನೋಡು, ಮೇಲಕ್ಕೇ ಇರುತ್ತೆ."

"ಮರ ತಲೆ ಮೇಲೆ ಹೊತ್ಕೊಂಡು ತಿರುಗಲ್ಲ ಅಕ್ಕ."

ಮಗಳು ಏದುಸಿರು ಬಿಡುತ್ತಾ ಪಿಟೀಲನ್ನು ಪಕ್ಕಕ್ಕೆ ಕರೆದಳು. "ಏನೇ ಇದು? ಮತ್ತೆ ಜಗಳವಾ?"

"ಇಲ್ಲಮ್ಮ. ಈಗ ಮಾತಾಡ್ತಾರೆ."

ದರ್ಜಿ ಅಕ್ಕನ ಮಗಳನ್ನು ನೋಡಿದ. ಕೇಳದೆಯೇ ಅಳತೆಪಟ್ಟಿ ಬಿಚ್ಚಿ ಅವಳ ಹಣೆಯ ಸುತ್ತ ಹಾಕಿದ. "ಕೂತ್ಕೋ ಮಗಳೇ, ಒಂದು ನಿಮಿಷ. ನಿಂಗೆ ಹಳದಿ ಚೆನ್ನಾಗಿರುತ್ತೆ." ರಾತ್ರಿಯೆಲ್ಲ ವಾರ್ಡಿನಲ್ಲಿ ನಿಂತೇ ಇದ್ದ ಅವಳು ಕುರ್ಚಿಯಲ್ಲಿ ಕೂತು ಕಾಲು ಚಾಚಿದಳು. ಯಾರೋ ಅವಳ ಕೈಗೆ ಬಿಸಿ ಬ್ರೆಡ್ಡಿಟ್ಟರು, ಇನ್ನಾರೋ ಕಿವಿಯಿಲ್ಲದ ನರಿಯನ್ನು ಮಡಿಲಲ್ಲಿ ಕೂರಿಸಿದರು. ತಿನ್ನುವಷ್ಟರಲ್ಲಿ ತಲೆಯ ಮೇಲೆ ಕಿರೀಟ ಬಂದು ಕೂತಿತು, ತೊಟ್ಟು ಕೆಳಗಾಗಿ. ಇಸ್ತ್ರಿಯಕ್ಕ ನೋಡಿದಳು, ತಿರುಗಿಸಲು ಹೋಗಲಿಲ್ಲ. ಮಗಳಿಗೆ ಅದು ನಿಜಕ್ಕೂ ಒಪ್ಪುತ್ತಿತ್ತು.

ಮೆರವಣಿಗೆ ಹೊರಟಿತು. ಡೋಲಿನ ಬದಲು ಅಂಚೆಯವನು ಸೈಕಲ್ ಬೆಲ್ಲು ಬಾರಿಸುತ್ತಾ ಮುಂದೆ ನಡೆದ. ಅವನ ಹಿಂದೆ ಪಿಟೀಲು, ಅವಳ ಹಿಂದೆ ಅವಳಿಗಳು, ನರಿಗಳು, ಮೀನುಗಳು, ಗೂಬೆಗಳು. ಉದ್ದನೆಯ ಮಾಲೆ ಒಂದು ಕೈಯಿಂದ ಇನ್ನೊಂದು ಕೈಗೆ ಅಲೆಯುತ್ತಾ ಬರುತ್ತಿತ್ತು. ಮಹಡಿಯ ಕಿಟಕಿಗಳು ತೆರೆದುಕೊಂಡವು. ಕೆಳಗೆ ನಡೆಯುವವರ ಅಂಗಿಗಳ ಗುಂಡಿಗಳು ಭದ್ರವಾಗಿದ್ದವು, ಪ್ಯಾಂಟಿನ ಕಾಲಿಗೆ ಒಂದೊಂದೇ ಗೆರೆಯಿತ್ತು. ತಿರುವಿನ ಹತ್ತಿರ ಗಾಳಿ ಬೀಸಿ ಮರಗಳಿಂದ ಒಂದು ರಾಶಿ ಎಲೆ ಕಿರೀಟಗಳ ಮೇಲೆಯೇ ಸುರಿಯಿತು. ಮಕ್ಕಳು ಸಾಲು ಮುರಿದು ಅವನ್ನು ಹಿಡಿಯಲು ಓಡಿದರು.

ಆ ಗದ್ದಲದಲ್ಲಿ ಇಸ್ತ್ರಿಯಕ್ಕನಿಗೆ ತಮ್ಮ ಹೊಲಿದುಕೊಟ್ಟಿದ್ದ ಕಿರೀಟ ಜಾರಿ ಅವಳ ಕಣ್ಣಿನ ಮೇಲೆ ಬಂತು. ಅದನ್ನು ಮೇಲೆ ತಳ್ಳಿಕೊಂಡು, ಹಿಂದೆ ಬರುತ್ತಿದ್ದ ತಮ್ಮನಿಗೆ ಕೇಳುವಂತೆ ಗಟ್ಟಿಯಾಗಿ ಅಂದಳು, "ಅಳತೆ ತಪ್ಪಾಗಿದೆ ಕಣೋ."

"ಅಳತೆ ಸರಿಯಾಗೇ ಇದೆ. ನಿನ್ನ ತಲೆಯೇ ಚಿಕ್ಕದು. ಬೇಗ ಬೇಗ ನಡಿ ಅಕ್ಕ, ಹಿಂದಿನವರು ಕಾಲು ತುಳೀತಾರೆ."

ಅವಳು ಬೇಗ ನಡೆಯಲಿಲ್ಲ. ಬೇಕೆಂದೇ ನಿಧಾನ ಮಾಡಿ, ಅವನು ಪಕ್ಕಕ್ಕೆ ಬರುವ ತನಕ ಕಾದು, ಮಾಲೆಯ ಒಂದು ಮಡಿಕೆಯನ್ನು ಅವನ ಕೈಯಿಂದ ತೆಗೆದುಕೊಂಡಳು.